ಅಮೃತ್ ಮಹಲ್ ಕಾವಲಿನಿಂದ ಪುಷ್ಪಕ್ ರನ್‌ವೇವರೆಗೆ



ಹೋದ ತಿಂಗಳು ಒಂದು ಮೆಸೇಜ್ ಬಂತು. ನಮ್ಮ ಪಂಚನಹಳ್ಳಿ ಹೋಬಳಿಯದ್ದೇ ಹುಡುಗಿ, ಒಂಬತ್ತನೇ ಕ್ಲಾಸು. "ಅಕ್ಕ, ನೀವು ಚಂದ್ರಯಾನ, ಎಐ ಅಂತೆಲ್ಲ ಹೇಳ್ತೀರ. ಚೆನ್ನಾಗಿರುತ್ತೆ. ಆದ್ರೆ ಅದೆಲ್ಲ ಬೆಂಗಳೂರಲ್ಲೋ ಶ್ರೀಹರಿಕೋಟಾದಲ್ಲೋ ಆಗೋದು. ನಮ್ಮ ಕಡೆ ಏನಿದೆ? ತೆಂಗಿನಮರ, ರಾಗಿ, ಬಿಸಿಲು" ಅಂತ. ಕೊನೆಗೆ ಒಂದು ನಗೋ ಇಮೋಜಿ ಹಾಕಿದ್ಲು. ಆ ಇಮೋಜಿ ನೋಡಿ ನನಗೆ ನಗು ಬರಲಿಲ್ಲ. ಯಾಕಂದ್ರೆ ಅವಳ ವಯಸ್ಸಲ್ಲಿ ನಾನೂ ಹಾಗೇ ಅಂದ್ಕೊಂಡಿದ್ದೆ, ಅಂದ್ಕೊಂಡೇ ಸೈನ್ಸ್ ಬಿಟ್ಟು ಕಾಮರ್ಸ್ ತಗೊಂಡೆ. ಹಾಗಾಗಿ ಇವತ್ತಿನ ಎಪಿಸೋಡ್ ಪೂರ್ತಿ ಅವಳಿಗೆ ಉತ್ತರ.

ಮೊದಲು ಹೊಸ ಸುದ್ದಿ, ಆಮೇಲೆ ಹಳೇ ಕಥೆ.

2024ರ ಜೂನ್ 23, ಭಾನುವಾರ, ಬೆಳಿಗ್ಗೆ 7 ಗಂಟೆ 10 ನಿಮಿಷ. ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ಹತ್ತಿರದ ಏರೋನಾಟಿಕಲ್ ಟೆಸ್ಟ್ ರೇಂಜ್. ವಾಯುಸೇನೆಯ ಚಿನೂಕ್ ಹೆಲಿಕಾಪ್ಟರ್ ಒಂದು ಸಣ್ಣ ರೆಕ್ಕೆಯ ವಾಹನವನ್ನ ನೇತಾಡಿಸಿಕೊಂಡು 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು, ರನ್‌ವೇ ಇನ್ನೂ 4.5 ಕಿಲೋಮೀಟರ್ ದೂರ ಇರುವಾಗ ಕೈಬಿಟ್ಟಿತು. ಅದರ ಹೆಸರು ಪುಷ್ಪಕ್. ಒಳಗೆ ಪೈಲಟ್ ಇಲ್ಲ. ಅದನ್ನ ಮುಂದಕ್ಕೆ ತಳ್ಳೋಕೆ ಇಂಜಿನ್ನೂ ಓಡ್ತಾ ಇರಲಿಲ್ಲ. ಬೇಕು ಅಂತಲೇ ರನ್‌ವೇಯಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ರು, ತಾನೇ ದಾರಿ ಸರಿ ಮಾಡ್ಕೊಂಡು ಬರುತ್ತಾ ನೋಡೋಣ ಅಂತ. ಬಂತು. ರನ್‌ವೇಯ ನಡುಗೆರೆ ಮೇಲೇ ಇಳೀತು.

ಇಲ್ಲಿ ಒಂದು ಲೆಕ್ಕ ಮಾಡೋಣ, ನನಗೆ ಲೆಕ್ಕ ಇಷ್ಟ. ನಾವು ಹೋಗೋ ವಿಮಾನಗಳು ಇಳಿಯೋವಾಗ ಸುಮಾರು 3 ಡಿಗ್ರಿ ಇಳಿಜಾರಲ್ಲಿ ಬರ್ತವೆ. 4 ಕಿಲೋಮೀಟರ್ ಎತ್ತರದಿಂದ ಅಷ್ಟು ನಿಧಾನದ ಇಳಿಜಾರಲ್ಲಿ ಬರ್ಬೇಕು ಅಂದ್ರೆ 75 ಕಿಲೋಮೀಟರ್‌ಗೂ ಹೆಚ್ಚು ದೂರದಿಂದಲೇ ಶುರು ಮಾಡಬೇಕು. ಹತ್ತನೇ ಕ್ಲಾಸಿನ ಟ್ಯಾನ್ ಥೀಟಾ ಗೊತ್ತಿದ್ರೆ ನೀವೇ ಹಾಕಿ ನೋಡಿ. ಪುಷ್ಪಕ್‌ಗೆ ಸಿಕ್ಕಿದ್ದು 4.5 ಕಿಲೋಮೀಟರ್. ಅಂದ್ರೆ ಅದು ತೇಲಿ ಬರ್ಲಿಲ್ಲ, ಹೆಚ್ಚುಕಮ್ಮಿ ಬೀಳ್ತಾ ಬಂತು, ಕೊನೆ ಗಳಿಗೆಯಲ್ಲಿ ಮೂತಿ ಎತ್ತಿತು. ಅದರ ರೆಕ್ಕೆ ಚಿಕ್ಕದು, ಬಾಹ್ಯಾಕಾಶದಿಂದ ವಾಪಸ್ ಬರೋ ಬಿಸಿ ತಡೆಯೋಕೆ ಹೊಂದೋ ಆಕಾರ, ಹಾಗಾಗಿ ಗಾಳಿಯಲ್ಲಿ ಎತ್ತುವ ಬಲ ಕಡಿಮೆ. ನೆಲ ಮುಟ್ಟಿದಾಗ ಗಂಟೆಗೆ 320 ಕಿಲೋಮೀಟರ್‌ಗಿಂತ ಜಾಸ್ತಿ ವೇಗ. ಪ್ರಯಾಣಿಕರ ವಿಮಾನ ಮುಟ್ಟೋದು 260ರ ಹತ್ತಿರ, ಫೈಟರ್ ಜೆಟ್ 280. ಹಿಂದಿನಿಂದ ಪ್ಯಾರಾಚೂಟ್ ಬಿಚ್ಚಿ ವೇಗ 100ಕ್ಕೆ ಇಳಿದ ಮೇಲೆ ಚಕ್ರದ ಬ್ರೇಕು.

ಇದು ಮೂರನೇ ಸಲ. ಮೊದಲನೇದು 2023ರ ಏಪ್ರಿಲ್ 2, ಎರಡನೇದು 2024ರ ಮಾರ್ಚ್ 22. ಎರಡನೇ ಸಲ ಹಾರಿದ ದೇಹವನ್ನೇ ಮೂರನೇ ಸಲಕ್ಕೂ ಬಳಸಿದ್ರು, ಏನೂ ಬದಲಾಯಿಸದೆ. ಕಾಮರ್ಸ್ ಓದಿದ ನನಗೆ ಇಸ್ರೋ ಸುದ್ದಿಯಲ್ಲಿ ಅತಿ ಹೆಚ್ಚು ಖುಷಿ ಕೊಟ್ಟ ಸಾಲು ಇದೇ. ರಾಕೆಟ್ ಅಂದ್ರೆ ಒಂದು ಸಲ ಹಾರಿಸಿ ಸಮುದ್ರಕ್ಕೆ ಬಿಸಾಕೋ ವಸ್ತು. ವಾಪಸ್ ತಂದು ಮತ್ತೆ ಹಾರಿಸಿದ್ರೆ ಖರ್ಚಿನ ಲೆಕ್ಕವೇ ಬೇರೆ ಆಗುತ್ತೆ. 2016ರ ಮೇ 23ಕ್ಕೆ ಇದೇ ಸರಣಿಯ ಮೊದಲ ವಾಹನ ಶ್ರೀಹರಿಕೋಟಾದಿಂದ 65 ಕಿಲೋಮೀಟರ್ ಎತ್ತರ ಹೋಗಿ ಬಂಗಾಳಕೊಲ್ಲಿಗೆ ಇಳಿದಿತ್ತು. ನೀರಿನ ಮೇಲೆ ಇಳಿಯೋದು ಆಯ್ತು, ಈಗ ನೆಲದ ಮೇಲೆ ಇಳಿಯೋದು ಕಲಿಸಬೇಕಿತ್ತು.

ಸರಿ, ಯಾವ ನೆಲ?

ಆ ಜಾಗದ ಹೆಸರು ವರವು ಕಾವಲು. "ಕಾವಲು" ಅನ್ನೋ ಪದ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ: ದನ ಮೇಯಿಸೋಕೆ ಅಂತಲೇ ರಾಜರ ಕಾಲದಿಂದ ಕಾಯ್ದಿಟ್ಟ ಹುಲ್ಲುಗಾವಲು. ಇಲ್ಲಿಂದ ನಮ್ಮ ಊರಿನ ಕಥೆ ಶುರು.

17ನೇ ಶತಮಾನದ ಕೊನೆಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ್ ದನಗಳಿಗೆ ಅಂತಲೇ ಒಂದು ಇಲಾಖೆ ನಡೆಸಿದ್ರು. ಹೆಸರು ಬೆಣ್ಣೆ ಚಾವಡಿ. ಅರಮನೆಗೆ ಹಾಲು, ಬೆಣ್ಣೆ. ಹೈದರಾಲಿ ಬಂದ ಮೇಲೆ ಆ ದನಗಳಿಗೆ ಬೇರೆ ಕೆಲಸ ಸಿಕ್ತು: ಫಿರಂಗಿ ಎಳೆಯೋದು. ಟಿಪ್ಪು ಸುಲ್ತಾನ್ ಬೆಣ್ಣೆ ಚಾವಡಿಗೆ ಅಮೃತ್ ಮಹಲ್ ಅಂತ ಹೆಸರಿಟ್ಟು, ದನ ಹೇಗೆ ಸಾಕಬೇಕು, ಹೇಗೆ ಎಣಿಸಬೇಕು ಅಂತ ಹುಕುಂನಾಮೆ ಹೊರಡಿಸಿದ. ಬೇಸಿಗೆಗೆ ಬೇರೆ ಕಾವಲು, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ. ಹಿಂಡು ಒಂದು ಕಡೆ ಹುಲ್ಲು ಮುಗಿಸಿ ಇನ್ನೊಂದು ಕಡೆ ಹೋಗುತ್ತೆ, ಅಷ್ಟರಲ್ಲಿ ಹಿಂದಿನದ್ದು ಚಿಗುರುತ್ತೆ. ಇವತ್ತಿನ ಭಾಷೆಯಲ್ಲಿ ಇದಕ್ಕೆ ರೊಟೇಷನಲ್ ಗ್ರೇಜಿಂಗ್ ಅಂತಾರೆ, ಯೂನಿವರ್ಸಿಟಿಯಲ್ಲಿ ಪಾಠ ಮಾಡ್ತಾರೆ.

ಈ ಎತ್ತುಗಳು ಅಷ್ಟು ಮುಖ್ಯ ಯಾಕೆ? ಸೈನ್ಯದ ವೇಗ ಅಂದ್ರೆ ಅದರ ಅತಿ ನಿಧಾನದ ಗಾಡಿಯ ವೇಗ. ಕುದುರೆ ಎಷ್ಟು ಓಡಿದ್ರೂ ಫಿರಂಗಿ ಹಿಂದೆ ಉಳಿದ್ರೆ ಯುದ್ಧ ಆಗಲ್ಲ. ಚಿದಂಬರಂ ಕಡೆಗೆ ಹೈದರಾಲಿ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ ಅಂತ ಬ್ರಿಟಿಷರ ಕಾಲದ ಗೆಜೆಟಿಯರ್‌ಗಳು ಬರೆದಿವೆ. ಅಂದ್ರೆ 160 ಕಿಲೋಮೀಟರ್, ದಿನಕ್ಕೆ 64, ತೋಪುಗಳ ಜೊತೆ. 1799ರಲ್ಲಿ ಟಿಪ್ಪುವನ್ನ ಸೋಲಿಸಿದ ಮೇಲೆ ಬ್ರಿಟಿಷರು ತಗೊಂಡಿದ್ದು ಬರೀ ಖಜಾನೆ ಅಲ್ಲ, ಈ ದನದ ಇಲಾಖೆಯನ್ನೂ ತಗೊಂಡ್ರು. ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿ, ಸ್ಪೇನ್ ಕಡೆ ಯುದ್ಧ ಮಾಡೋವಾಗ "ಮೈಸೂರಿನ ಎತ್ತು ಇಲ್ಲಿರಬಾರದಿತ್ತಾ" ಅಂತ ಕೊರಗಿದನಂತೆ.

ಆಮೇಲೆ ನಡೆದಿದ್ದು ಯಾವ ಬಿ.ಕಾಂ ಹುಡುಗಿಗೂ ತಲೆ ಚಚ್ಚಿಕೊಳ್ಳೋ ಹಾಗೆ ಮಾಡುತ್ತೆ. 1860ರಲ್ಲಿ, ಮದ್ರಾಸ್ ಗವರ್ನರ್ ಟ್ರೆವೆಲಿಯನ್ ಕಾಲದಲ್ಲಿ, ಖರ್ಚು ಉಳಿಸೋಕೆ ಅಂತ ಇಲಾಖೆ ಮುಚ್ಚಿ ದನ ಮಾರಿಬಿಟ್ರು. ಕೆಲವೇ ವರ್ಷದಲ್ಲಿ ಗೊತ್ತಾಯ್ತು, ಅಂಥ ಎತ್ತು ಬೇರೆಲ್ಲೂ ಸಿಗಲ್ಲ ಅಂತ. 1860ರ ದಶಕ ಮುಗಿಯೋದ್ರೊಳಗೆ ಸಿಕ್ಕಿದ ದನಗಳನ್ನ ಮತ್ತೆ ಕೂಡಿಸಿ ಇಲಾಖೆ ಶುರು ಮಾಡಬೇಕಾಯ್ತು. ನೂರಾರು ವರ್ಷ ಕಟ್ಟಿದ ಆಸ್ತಿಯನ್ನ ಒಂದು ವರ್ಷದ ಉಳಿತಾಯಕ್ಕೆ ಮಾರೋದು. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮತ್ತೆ ಬೇಕಾಗುತ್ತೆ.

1880ರ ದಶಕದಲ್ಲಿ ಇಲಾಖೆ ಮೈಸೂರು ಸರ್ಕಾರಕ್ಕೆ ವಾಪಸ್ ಬಂತು. 1929ರಿಂದ ಅಜ್ಜಂಪುರದ ಫಾರಂನಲ್ಲಿ ತಳಿ ಸಂವರ್ಧನೆ ನಡೀತಾ ಇದೆ. ಈಗಲೂ ಅಲ್ಲಿ ಹೋರಿ ಕರುಗಳ ಹರಾಜು ನಡೆಯುತ್ತೆ, ದೂರದ ಜಿಲ್ಲೆಗಳಿಂದ ರೈತರು ಬರ್ತಾರೆ. ನಮ್ಮಜ್ಜ ಒಂದು ಸಲ ದುಡ್ಡು ಕಟ್ಕೊಂಡು ಹೋಗಿ, ಬೆಲೆ ಏರಿದ್ದು ನೋಡಿ ಬರಿಗೈಲಿ ಬಂದಿದ್ರಂತೆ. "ಒಳ್ಳೇದೇ ಆಯ್ತು, ಅದನ್ನ ಮನೆಗೆ ತರೋದ್ರೊಳಗೆ ನಾನೇ ಇರ್ತಿರ್ಲಿಲ್ಲ" ಅಂತ ನಗ್ತಾರೆ. ಯಾಕಂದ್ರೆ ಕಾವಲಲ್ಲಿ ಬೆಳೆದ ಹೋರಿಗೆ ಮನುಷ್ಯರ ಸಹವಾಸ ಕಡಿಮೆ. ಉದ್ದ ಚೂಪು ಕೊಂಬು, ಬೆದರಿದ್ರೆ ಹಿಡಿಯೋಕಾಗಲ್ಲ. ಹಗ್ಗ ಹಾಕಿ ಪಳಗಿಸೋದೇ ದೊಡ್ಡ ಕೆಲಸ.

ಈಗ ಕಾವಲಿಗೆ ಬರೋಣ. ಒಂದು ಕಾಲಕ್ಕೆ 4 ಲಕ್ಷ ಎಕರೆಗೂ ಹೆಚ್ಚಿತ್ತು ಅಂತ ಹೇಳೋ ಅಮೃತ್ ಮಹಲ್ ಕಾವಲುಗಳಲ್ಲಿ ಉಳಿದಿರೋದು ಸಣ್ಣ ಪಾಲು. ಸಾಗುವಳಿಗೆ ಹೋಯ್ತು, ನೆಡುತೋಪಿಗೆ ಹೋಯ್ತು, ಒತ್ತುವರಿ ಆಯ್ತು. 2008ರಿಂದ 2010ರ ನಡುವೆ ಚಳ್ಳಕೆರೆಯ ಕಾವಲುಗಳಲ್ಲಿ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573 ಎಕರೆ ಮಂಜೂರಾಯ್ತು. ಪೇಪರ್‌ಗಳು ಅದನ್ನ ಸೈನ್ಸ್ ಸಿಟಿ ಅಂತ ಕರೆದ್ವು. ಎತ್ತರದ ಗೋಡೆ ಎದ್ದಿತು. ಕುರಿ ಸಾಕೋರು, ಕಂಬಳಿ ನೇಯೋರು ಪ್ರಶ್ನೆ ಎತ್ತಿದ್ರು, ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯ್ತು. 2017ರ ಮೇ ತಿಂಗಳಲ್ಲಿ ಟೆಸ್ಟ್ ರೇಂಜ್ ಉದ್ಘಾಟನೆ ಆಯ್ತು.

ನಾನು ಒಂದು ಸಲ ಹುಳಿಯಾರು, ಹಿರಿಯೂರು ಅಂತ ಬಸ್ ಬದಲಾಯಿಸಿಕೊಂಡು ಆ ಕಡೆ ಹೋಗಿದ್ದೆ. ರಸ್ತೆ ಬದಿ ಕುರಿ ಮೇಯಿಸ್ತಿದ್ದ ಹಿರಿಯರೊಬ್ಬರನ್ನ ಮಾತಾಡಿಸಿದೆ. "ಇಮಾನ ಇಳೀಲಿ ಕಣವ್ವ, ಬ್ಯಾಡ ಅನ್ನಲ್ಲ. ನನ್ ಕುರಿ ಎಲ್ಲಿ ಬಿಡ್ಲಿ, ಅಷ್ಟ್ ಹೇಳು" ಅಂದ್ರು. ಮೈಕ್ ಕೈಯಲ್ಲಿತ್ತು, ನನ್ನ ಹತ್ರ ಉತ್ತರ ಇರಲಿಲ್ಲ.

ನನ್ನ ಅಭಿಪ್ರಾಯ ಹೇಳಿಬಿಡ್ತೀನಿ, ಒಪ್ಪದಿದ್ರೆ ಬೈದು ಕಳಿಸಿ. ಪೈಲಟ್ ಇಲ್ಲದ ವಿಮಾನ ಪರೀಕ್ಷೆಗೆ ಬಯಲು ಬೇಕು, ಜನ ಕಡಿಮೆ ಇರೋ ಜಾಗ ಬೇಕು, ಅದು ನಿಜ. 2019ರ ಸೆಪ್ಟೆಂಬರ್‌ನಲ್ಲಿ ಅಲ್ಲಿಂದಲೇ ಹಾರಿದ ಒಂದು ಡ್ರೋನ್ ಚಿತ್ರದುರ್ಗದ ಜೋಡಿಚಿಕ್ಕೇನಹಳ್ಳಿ ಹತ್ತಿರ ತೋಟಕ್ಕೆ ಬಿತ್ತು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ತಪ್ಪಿರೋದು ಒಂದು ಪದದಲ್ಲಿ. ಹುಲ್ಲುಗಾವಲನ್ನ ನಮ್ಮ ಕಡತಗಳು "ಪಾಳು ಭೂಮಿ" ಅಂತ ಬರೀತವೆ. ಉಪಗ್ರಹ ಚಿತ್ರ ನೋಡಿ ತಯಾರಿಸಿದ ದೇಶದ ಪಾಳುಭೂಮಿ ನಕ್ಷೆಯಲ್ಲೂ ಕುರುಚಲು ಬಯಲಿಗೆಲ್ಲ ಅದೇ ಹೆಸರು. ಮೇಲಿಂದ ನೋಡಿದ್ರೆ ಮರ ಇಲ್ಲ, ಬೆಳೆ ಇಲ್ಲ, ಅಂದ್ರೆ ಏನೂ ಇಲ್ಲ. ಆದ್ರೆ ಹುಲ್ಲಿನ ಮುಖ್ಯ ಕೆಲಸ ನೆಲದ ಕೆಳಗೆ. ಬೇರು ಇಂಗಾಲವನ್ನ ಮಣ್ಣೊಳಗೆ ಇಡುತ್ತೆ. ಕಾಡಿಗೆ ಬೆಂಕಿ ಬಿದ್ರೆ ಮರದ ಇಂಗಾಲ ಹೊಗೆಯಾಗಿ ಹೋಗುತ್ತೆ, ಹುಲ್ಲಿಗೆ ಬಿದ್ರೆ ಮಣ್ಣೊಳಗಿನದು ಬಹುಪಾಲು ಅಲ್ಲೇ ಉಳಿಯುತ್ತೆ. 1860ರಲ್ಲಿ ಲೆಕ್ಕಪುಸ್ತಕಕ್ಕೆ ಎತ್ತಿನ ಬೆಲೆ ಕಾಣಿಸಲಿಲ್ಲ. ಈಗಿನ ಪುಸ್ತಕಕ್ಕೆ ಹುಲ್ಲಿನ ಬೆಲೆ ಕಾಣಿಸ್ತಿಲ್ಲ.

ಎಲ್ಲ ಕಾವಲಿಗೂ ಅದೇ ಗತಿ ಆಗಿಲ್ಲ. ನಮ್ಮ ಕಡೂರು ತಾಲ್ಲೂಕಿನ ಬಾಸೂರು ಅಮೃತ್ ಮಹಲ್ ಕಾವಲನ್ನ 2011ರಲ್ಲಿ ಸಂರಕ್ಷಿತ ಮೀಸಲು ಅಂತ ಘೋಷಿಸಿದ್ರು. ಏಳು ಚದರ ಕಿಲೋಮೀಟರ್ ಚಿಲ್ಲರೆ, ಚಿಕ್ಕದೇ. ಅಲ್ಲಿ ಕೃಷ್ಣಮೃಗ ಇವೆ, ತೋಳ ಇವೆ. ಚಳಿಗಾಲದಲ್ಲಿ ಹ್ಯಾರಿಯರ್ ಅನ್ನೋ ಬೇಟೆಹಕ್ಕಿಗಳು ಮಧ್ಯ ಏಷ್ಯಾ ಕಡೆಯಿಂದ ಬರ್ತವೆ. ಬೇರೆ ಬೇಟೆಹಕ್ಕಿಗಳ ಹಾಗೆ ಮರದ ಮೇಲೆ ಅಲ್ಲ, ಸಂಜೆ ಹುಲ್ಲಿನ ನಡುವೆ ನೆಲದ ಮೇಲೆ ಇಳಿದು ಮಲಗ್ತವೆ. ನಾವು ಕಾಲೇಜಿಗೆ ಹೋಗ್ತಾ ಆ ಹಕ್ಕಿಗಳನ್ನ ಹದ್ದು ಅಂದ್ಕೊಂಡೇ ಮೂರು ವರ್ಷ ಕಳೆದ್ವಿ.

ಹಾಗಾಗಿ ಮೆಸೇಜ್ ಕಳಿಸಿದ ತಂಗಿ, ನಿನ್ನ ಊರಿನ ಸುತ್ತ ಇರೋದು ಇಷ್ಟು: ಮುನ್ನೂರು ವರ್ಷದ ತಳಿ ವಿಜ್ಞಾನ, ಖಂಡ ದಾಟಿ ಬಂದು ಇಳಿಯೋ ಹಕ್ಕಿ, ಅರ್ಧ ದಿನದ ದಾರಿಯಲ್ಲಿ ತಾನೇ ಇಳಿಯೋಕೆ ಕಲಿತ ಬಾಹ್ಯಾಕಾಶ ವಾಹನ. ಚಳ್ಳಕೆರೆಯ ವಿಜ್ಞಾನ ಸಂಸ್ಥೆ ಕ್ಯಾಂಪಸ್ಸಲ್ಲಿ ಹೈಸ್ಕೂಲು, ಪಿಯು ಮೇಷ್ಟ್ರುಗಳಿಗೆ ತರಬೇತಿ ಕೊಡ್ತಾರೆ. ನಿಮ್ಮ ಸೈನ್ಸ್ ಮೇಷ್ಟ್ರು ಹೋಗಿ ಬಂದಿದ್ದಾರಾ ಕೇಳು. ಹೋಗಿಲ್ಲ ಅಂದ್ರೆ ಪೀಡಿಸು.

ರೆಕಾರ್ಡ್ ಮಾಡೋಕೆ ಕೂರೋ ಮುಂಚೆ ಪುಷ್ಪಕ್ ಇಳಿಯೋ ವಿಡಿಯೋನ ಫೋನಲ್ಲಿ ಅಜ್ಜನಿಗೆ ತೋರಿಸಿದೆ. ಎರಡು ಸಲ ನೋಡಿದ್ರು. ಹಿಂದೆ ಪ್ಯಾರಾಚೂಟ್ ಬಿಚ್ಚಿಕೊಂಡಾಗ ಬೆರಳಿಟ್ಟು, "ಮೂಗುದಾರ ಹಿಂದಕ್ಕೆ ಕಟ್ಟವ್ರಲ್ಲ ಮಗಾ" ಅಂದ್ರು. ಆಮೇಲೆ ಹುಲ್ಲು ಕಾಣುತ್ತಾ ಅಂತ ಸ್ಕ್ರೀನ್ ಹತ್ರ ಎಳ್ಕೊಂಡು ನೋಡ್ತಾ ಕೂತ್ರು.

ಮುಂದಿನ ವಾರ ಸಿಗೋಣ.