ಧ್ವನಿಮುದ್ರಿಕೆಯೆಂಬ ಆಧಾರ: ಬಡ್ಡಿ ಗೈ ಅವರ ಬ್ಲೂಸ್ ವಾದನವನ್ನು ಕುರಿತು

ಲಿಪಿಬದ್ಧವಲ್ಲದ ಸಂಗೀತದ ಚರಿತ್ರೆಯನ್ನು ಬರೆಯಹೊರಟವನಿಗೆ ಧ್ವನಿಮುದ್ರಿಕೆಯೇ ಶಾಸನವಿದ್ದಂತೆ. ಆದರೆ ಶಾಸನವನ್ನು ಬರೆಯಿಸಿದವರು ಯಾರು, ಯಾವ ಪ್ರಯೋಜನಕ್ಕಾಗಿ ಬರೆಯಿಸಿದರು ಎಂಬುದನ್ನು ವಿಚಾರಿಸದೆ ಅದರ ಮಾತನ್ನು ಇತಿಹಾಸಕಾರನು ಒಪ್ಪಲಾಗದು. ಈ ಎಚ್ಚರವು ಧ್ವನಿಮುದ್ರಿಕೆಗೂ ಅವಶ್ಯಕವೆಂಬುದಕ್ಕೆ ಅಮೆರಿಕದ ವಿದ್ಯುತ್ ಗಿಟಾರುವಾದಕ ಬಡ್ಡಿ ಗೈ ಅವರ ವೃತ್ತಿಜೀವನವು ಒಳ್ಳೆಯ ನಿದರ್ಶನ.

ಬ್ಲೂಸ್ ಎಂಬುದು ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ, ಗುಲಾಮಗಿರಿಯು ಕೊನೆಗೊಂಡ ಬಳಿಕ, ಕಪ್ಪು ಜನರ ನಡುವೆ ರೂಪುಗೊಂಡ ಗೇಯಪ್ರಕಾರ. 1910ರಿಂದ 1970ರವರೆಗೆ ಆ ಜನರಲ್ಲಿ ಸುಮಾರು 60 ಲಕ್ಷ ಮಂದಿ ವರ್ಣಭೇದದ ಕಟ್ಟಳೆಗಳನ್ನೂ ಹತ್ತಿಹೊಲದ ಬಡತನವನ್ನೂ ತೊರೆದು ಉತ್ತರ ಮತ್ತು ಪಶ್ಚಿಮದ ನಗರಗಳಿಗೆ ವಲಸೆ ಹೋದರು. ಅವರೊಡನೆ ಹಾಡೂ ಹೋಯಿತು. ಷಿಕಾಗೋ ನಗರದ ಗದ್ದಲದ ಪಾನಗೃಹಗಳಲ್ಲಿ ಮರದ ಗಿಟಾರಿನ ದನಿಯಷ್ಟೇ ಸಾಲದಾಗಲು, ಮಡ್ಡಿ ವಾಟರ್ಸ್ ಮೊದಲಾದವರು 1940ರ ದಶಕದಲ್ಲಿ ವಿದ್ಯುತ್ ಗಿಟಾರನ್ನು ಕೈಗೆತ್ತಿಕೊಂಡರು. ಲೂಯಿಸಿಯಾನದ ಲೆಟ್ಸ್‌ವರ್ತ್‌ನಲ್ಲಿ, ಕೋರು ಸಾಗುವಳಿಯ ಕುಟುಂಬವೊಂದರಲ್ಲಿ, 1936ರಲ್ಲಿ ಜನಿಸಿದ ಗೈ ಅವರು 1957ರ ಸೆಪ್ಟೆಂಬರಿನಲ್ಲಿ ಷಿಕಾಗೋ ಸೇರಿದರು.

ಉದ್ದನೆಯ ವಿದ್ಯುತ್ ತಂತಿಯ ನೆರವಿನಿಂದ ಸಭಿಕರ ನಡುವೆ ನಡೆದಾಡುತ್ತ ನುಡಿಸುವುದನ್ನು ಅವರು ಗಿಟಾರ್ ಸ್ಲಿಮ್ ಎಂಬ ವಾದಕನಿಂದಲೂ, ತಂತಿಯನ್ನು ಜಗ್ಗಿ ಸ್ವರವನ್ನು ಕಂಪಿಸುವ ಕ್ರಮವನ್ನು ಬಿ. ಬಿ. ಕಿಂಗ್ ಅವರಿಂದಲೂ ಗ್ರಹಿಸಿದ್ದರು. ಧ್ವನಿವರ್ಧಕವನ್ನು ಅದರ ಶಕ್ತಿಮೀರಿ ಏರಿಸಿದಾಗ ಹುಟ್ಟುವ ಒರಟು ನಾದವನ್ನೂ, ವರ್ಧಕದ ದನಿಯು ಮರಳಿ ಗಿಟಾರನ್ನು ತಾಗಿ ಎಬ್ಬಿಸುವ ಮೊರೆತವನ್ನೂ ದೋಷವೆಂದು ತೊಡೆಯದೆ ವಾದನದ ಅಂಗವನ್ನಾಗಿ ಮಾಡಿಕೊಂಡುದು ಅವರ ವಿಶೇಷ.

ಆದರೆ 1960ರ ದಶಕದ ಬಹುಭಾಗ ಅವರನ್ನು ಒಪ್ಪಂದದಲ್ಲಿರಿಸಿಕೊಂಡಿದ್ದ ಚೆಸ್ ಕಂಪನಿಯು ಈ ನಾದವನ್ನು ಮುದ್ರಿಸಲು ಮನಸ್ಸು ಮಾಡಲಿಲ್ಲ. ಅವರನ್ನು ಹೆಚ್ಚಾಗಿ ಇತರರ ಗಾಯನಕ್ಕೆ ಪಕ್ಕವಾದ್ಯಗಾರರನ್ನಾಗಿ ಬಳಸಿತು. ಮಡ್ಡಿ ವಾಟರ್ಸ್ ಅವರ 1964ರ ‘ಫೋಕ್ ಸಿಂಗರ್’ ಮುದ್ರಿಕೆಯಲ್ಲಿ ಅವರು ನುಡಿಸಿದ್ದು ವಿದ್ಯುತ್ತಿಲ್ಲದ ಗಿಟಾರನ್ನು. 1961ರಲ್ಲಿ ಏಳು ನಿಮಿಷದಷ್ಟು ದೀರ್ಘವಾಗಿ ಹಾಡಿದ ‘ಸ್ಟೋನ್ ಕ್ರೇಜಿ’ ಮೊದಲು ಮಾರಾಟಕ್ಕೆ ಬಂದಾಗ ಮೊಟಕುಗೊಂಡಿತ್ತು. ಜೂನಿಯರ್ ವೆಲ್ಸ್ ಅವರೊಡನೆ ಡೆಲ್‌ಮಾರ್ಕ್ ಕಂಪನಿಗಾಗಿ ನುಡಿಸಿದ 1965ರ ‘ಹೂಡೂ ಮ್ಯಾನ್ ಬ್ಲೂಸ್’ ಮುದ್ರಿಕೆಯ ಮೊದಲ ಪ್ರತಿಗಳಲ್ಲಿ, ಚೆಸ್ ಒಪ್ಪಂದದ ಭಯದಿಂದ, ಅವರ ಹೆಸರೇ ಇಲ್ಲ; ಅಲ್ಲಿರುವುದು ‘ಫ್ರೆಂಡ್ಲಿ ಚಾಪ್’ ಎಂಬ ಮರೆಹೆಸರು. ಚೆಸ್ ಕಂಪನಿಯಿಂದ ಅವರ ಸ್ವಂತ ದೀರ್ಘಮುದ್ರಿಕೆಯೊಂದು ಹೊರಬಂದುದು 1967ರಲ್ಲಿ.

ಹಾಗಾದರೆ ಪ್ರಭಾವವು ಹರಡಿದುದು ಹೇಗೆ? ಪ್ರತ್ಯಕ್ಷ ಶ್ರವಣದಿಂದ. 1965ರಲ್ಲಿ ಗೈ ಅವರು ಇಂಗ್ಲೆಂಡಿಗೆ ಹೋದಾಗ ಎರಿಕ್ ಕ್ಲಾಪ್ಟನ್ ಅವರ ಕಚೇರಿಯನ್ನು ಕೇಳಿದರು. ಮೂವರೇ ಕೂಡಿ ನುಡಿಸುವ ‘ಕ್ರೀಮ್’ ಮೇಳದ ಕಲ್ಪನೆಗೆ ಅದೇ ಪ್ರೇರಣೆಯೆಂದು ಅವರೇ ಅನಂತರ ಹೇಳಿದ್ದಾರೆ. 1968ರಲ್ಲಿ ನ್ಯೂಯಾರ್ಕಿನ ಕಚೇರಿಯೊಂದಕ್ಕೆ ಜಿಮಿ ಹೆಂಡ್ರಿಕ್ಸ್ ಧ್ವನಿಮುದ್ರಣ ಯಂತ್ರದೊಡನೆ ಬಂದರು. ಕಂಪನಿಯು ಮುದ್ರಿಸದಿದ್ದುದನ್ನು ಸಹವಾದಕನೊಬ್ಬನು ತನ್ನ ಕಲಿಕೆಗಾಗಿ ಮುದ್ರಿಸಿಕೊಂಡನು.

ಇಲ್ಲಿಯೇ ಕಾಲನಿರ್ಣಯದ ತೊಡಕು ಹುಟ್ಟುತ್ತದೆ. ಗೈ ಅವರ ಕಚೇರಿಯ ನಾದವು ಜಗತ್ತಿನ ಮಾರುಕಟ್ಟೆಗೆ ವ್ಯಾಪಕವಾಗಿ ತಲಪಿದುದು 1991ರ ‘ಡ್ಯಾಮ್ ರೈಟ್, ಐವ್ ಗಾಟ್ ದ ಬ್ಲೂಸ್’ ಮುದ್ರಿಕೆಯಿಂದ. ಅಷ್ಟರಲ್ಲಿ ಹೆಂಡ್ರಿಕ್ಸ್ ಮರಣಹೊಂದಿ 21 ವರ್ಷಗಳಾಗಿದ್ದವು. ಮುದ್ರಿಕೆಗಳ ವರ್ಷಗಳನ್ನು ಮಾತ್ರ ನೆಚ್ಚಿದವನು ಗುರುವನ್ನು ಶಿಷ್ಯನ ಅನುಕರಣಕಾರನೆಂದು ತಿಳಿದಾನು.

ಗೈ ಒಬ್ಬರೇ ಈ ಶೈಲಿಯ ಮೂಲಪುರುಷರೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ, ಅವರಿಗೂ ಪೂರ್ವಸೂರಿಗಳಿದ್ದರು. ನಾವು ಗಮನಿಸಬೇಕಾದುದು ಇಷ್ಟು: ಮುದ್ರಿಕೆಯು ಏನನ್ನು ನುಡಿಸಲಾಯಿತೆಂಬುದಕ್ಕಿಂತ ಏನನ್ನು ಮಾರಬಹುದೆಂದು ಕಂಪನಿಯು ಎಣಿಸಿತೆಂಬುದಕ್ಕೆ ಹೆಚ್ಚು ನಂಬತಕ್ಕ ಸಾಕ್ಷಿ. ಕೇಳಿದವರ ಹೇಳಿಕೆಯನ್ನೂ ವಾದಕರ ಪರಸ್ಪರ ಋಣಸ್ಮರಣೆಯನ್ನೂ ಅದರೊಡನೆ ಇರಿಸಿ ತೂಗಿದಲ್ಲದೆ, ಧ್ವನಿವರ್ಧಕವಿದ್ದೂ ದನಿ ಕೇಳಿಸದೆ ಹೋದ ಕಲಾವಿದರಿಗೆ ಚರಿತ್ರೆಯಲ್ಲಿ ನ್ಯಾಯ ದೊರೆಯಲಾರದು.