ಹೊಸ ಅಕ್ವೇರಿಯಂ: ಮೀನು ಬಿಡುವ ಮುನ್ನ ನೀರು ಪಕ್ವವಾಗಲಿ

ಮೊಳಕಾಲ್ಮೂರು: ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿದ ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕುಗಳಲ್ಲಿ ಬಹಳಷ್ಟು ಮನೆಗಳು ಕೊಳವೆಬಾವಿಯನ್ನೇ ನೆಚ್ಚಿಕೊಂಡಿವೆ. ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವ ಈ ಗಡಸು ನೀರನ್ನು ಗಾಜಿನ ತೊಟ್ಟಿಗೆ ತುಂಬಿ ಅದೇ ದಿನ ಮೀನು ಬಿಟ್ಟರೆ, ಕೆಲವೇ ದಿನಗಳಲ್ಲಿ ಅವು ಒಂದೊಂದಾಗಿ ಸತ್ತು ತೇಲುವುದುಂಟು. ಆಗ ಸಾಮಾನ್ಯವಾಗಿ ಗಡಸುತನವನ್ನು ದೂರಲಾಗುತ್ತದೆ. ಆದರೆ ಮುಖ್ಯ ಅಪರಾಧಿ ಅಮೋನಿಯ.

ಮೀನಿನ ವಿಸರ್ಜನೆ ಹಾಗೂ ತಿನ್ನದೆ ಉಳಿದ ಆಹಾರದಿಂದ ಅಮೋನಿಯ ಉಂಟಾಗುತ್ತದೆ. ಹಳೆಯ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆ ಅದನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಮೊದಲೆರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ. ಆಗಾಗ ನೀರಿನ ಒಂದಂಶವನ್ನು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಬಯಲುಸೀಮೆಯವರು ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ನೀರಿನ ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯದ ವಿಷಕಾರಿ ರೂಪದ ಪಾಲು ಸುಮಾರು 10 ಪಟ್ಟು ಹೆಚ್ಚುತ್ತದೆ. ಶಾಖವೂ ಅದನ್ನು ಹೆಚ್ಚಿಸುತ್ತದೆ. ಕ್ಷಾರಗುಣದ ನೀರು, ಸುಡುಬೇಸಿಗೆ ಎರಡೂ ಇರುವಲ್ಲಿ ಅವಸರ ಸಲ್ಲದು.

ಎರಡು ಅಡಿ ಉದ್ದ, ತಲಾ ಒಂದು ಅಡಿ ಅಗಲ ಮತ್ತು ಎತ್ತರದ ತೊಟ್ಟಿ ಸುಮಾರು 56 ಲೀಟರ್ ಹಿಡಿಯುತ್ತದೆ; ನೀರೊಂದೇ 56 ಕಿಲೋ ತೂಗುತ್ತದೆ. ಆದ್ದರಿಂದ ಗಟ್ಟಿಯಾದ, ಸಮತಟ್ಟಾದ ಮೇಜು ಅವಶ್ಯ. ಕಿಟಕಿಯ ಬಿಸಿಲು ಬಿದ್ದರೆ ನೀರು ಕಾಯುವುದಲ್ಲದೆ ಪಾಚಿಯೂ ಬೆಳೆಯುತ್ತದೆ. ಹಳ್ಳದಿಂದ ತಂದ ಕಲ್ಲನ್ನು ಹಾಕುವ ಮುನ್ನ ಅದರ ಮೇಲೆ ನಿಂಬೆರಸ ಹಿಂಡಿ ನೋಡಬೇಕು. ನೊರೆಯೆದ್ದರೆ ಅದರಲ್ಲಿ ಸುಣ್ಣದಂಶವಿದೆ. ಈಗಾಗಲೇ ಗಡಸಾದ ನೀರನ್ನು ಅದು ಮತ್ತಷ್ಟು ಗಡಸಾಗಿಸುತ್ತದೆ. ಮರಳು, ಕಲ್ಲು, ಗಾಜನ್ನು ಬರಿಯ ನೀರಿನಲ್ಲೇ ತೊಳೆಯಬೇಕು, ಸೋಪು ಕೂಡದು.

ಆಗಷ್ಟೇ ಮೇಲೆತ್ತಿದ ಕೊಳವೆಬಾವಿ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವ ಸಂಭವವಿದ್ದು, ಗಾಳಿಪಂಪು ಹಾಕಿ ಒಂದು ದಿನ ಬಿಡುವುದು ಲೇಸು. ನಲ್ಲಿಯಲ್ಲಿ ಕ್ಲೋರಿನ್ ಬೆರೆಸಿದ ನೀರು ಬರುತ್ತಿದ್ದರೆ ಸೋಡಿಯಂ ಥಯೋಸಲ್ಫೇಟ್ ಇರುವ ಕ್ಲೋರಿನ್ ನಿವಾರಕ ಬಳಸಬೇಕು. ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನಷ್ಟೇ ತುಂಬುವುದು ತರವಲ್ಲ. ಮೀನಿಗೆ ಬೇಕಾದ ಲವಣಗಳೂ ಅದರಲ್ಲಿ ಸೋಸಿಹೋಗಿರುತ್ತವೆ. ಗಡಸುತನ ತಗ್ಗಿಸಲು ಬೆರೆಸಿಕೊಳ್ಳಬಹುದು.

ಫಿಲ್ಟರ್ ಚಾಲೂ ಮಾಡಿ, ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದರೆ ಅದು ಕೊಳೆತು ಅಮೋನಿಯ ಒದಗುತ್ತದೆ. ಪರಿಚಿತರ ಆರೋಗ್ಯಕರ ತೊಟ್ಟಿಯಿಂದ ಬಳಸಿದ ಫಿಲ್ಟರ್ ಸ್ಪಂಜಿನ ತುಂಡು ಒದ್ದೆಯಾಗಿಯೇ ತಂದು ಸೇರಿಸಿದರೆ ಕಾಯುವ ಅವಧಿ ಗಣನೀಯವಾಗಿ ಕಡಿಮೆಯಾಗುತ್ತದೆ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯ ಮತ್ತು ನೈಟ್ರೈಟ್ ಏರಿ, ಬಳಿಕ ಎರಡೂ ಸೊನ್ನೆಗಿಳಿದು, ನೈಟ್ರೇಟ್ ಹೆಚ್ಚಿರುವುದು ಕಂಡರೆ ತೊಟ್ಟಿ ಸಿದ್ಧ. ನೀರು ತಿಳಿಯಾಗಿದೆ ಎಂಬುದು ಪುರಾವೆಯಲ್ಲ. ದೀರ್ಘಕಾಲ ವಿದ್ಯುತ್ ಕೈಕೊಟ್ಟರೆ ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದೆ ಸಾಯುತ್ತವೆ. ಬ್ಯಾಟರಿ ಚಾಲಿತ ಗಾಳಿಪಂಪು ಇಲ್ಲಿ ಆಡಂಬರವೇನಲ್ಲ.

ಗಡಸು ನೀರಿಗೆ ಗಪ್ಪಿ, ಮಾಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಚೆನ್ನಾಗಿ ಒಗ್ಗುತ್ತವೆ. ಸೊಳ್ಳೆಮರಿ ತಿನ್ನಲೆಂದು ರಾಜ್ಯದ ಕೆರೆಬಾವಿಗಳಿಗೆ ಬಿಡಲಾಗುವ ಗಪ್ಪಿ ಇದೇ. ಮೃದು ನೀರಿನ ಡಿಸ್ಕಸ್‌ನ ಆಸೆ ಆರಂಭದಲ್ಲಿ ಬೇಡ. ಮೊದಲು ಮೂರ್ನಾಲ್ಕು ಮೀನುಗಳನ್ನಷ್ಟೇ ತಂದು, ಪ್ಲಾಸ್ಟಿಕ್ ಚೀಲವನ್ನು 15–20 ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಚೀಲಕ್ಕೆ ಬೆರೆಸಿ, ಬಲೆಯಿಂದ ಮೀನನ್ನು ಮಾತ್ರ ಒಳಗೆ ಬಿಡಬೇಕು. ಚೀಲದ ನೀರನ್ನು ಹೊರಗೆ ಚೆಲ್ಲಬೇಕು.