ಎರೆನಾಡಿನಿಂದ ಕಡಲಿಗೆ ಹೊರಟ ಹೊಗೆಬಂಡಿ

ನವಿಲುತೀರ್ಥದ ಅಣೆಕಟ್ಟನ್ನು ನೀವು ನೋಡಿರಬಹುದು. ಅಲ್ಲಿ ನಿಲ್ಲುವ ಮಲಪ್ರಭೆಯ ನೀರು ಬರುವುದು ಸಹ್ಯಾದ್ರಿಯ ಕಣಕುಂಬಿಯಿಂದ. ಪಶ್ಚಿಮದ ಕಡಲು ಹತ್ತಿರವಿದ್ದರೂ ಈ ನದಿ ಪೂರ್ವಕ್ಕೆ ಹರಿಯುತ್ತದೆ. ಆದರೆ ಈ ಸೀಮೆಯ ಹತ್ತಿಗೆ ಬೇಕಾಗಿದ್ದುದು ಪಶ್ಚಿಮದ ಬಂದರು. ಹತ್ತಿಯ ಅಂಡಿಗೆಗಳು ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟೆಗೆ ಹೋಗುತ್ತಿದ್ದವು. ಧಾರವಾಡ ಭಾಗದ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತು.

1876–78ರ ಭೀಕರ ಬರ ಈ ವ್ಯವಸ್ಥೆಯ ದೌರ್ಬಲ್ಯವನ್ನು ತೋರಿಸಿತು. ಮೇವಿಲ್ಲದೆ ಎತ್ತು ಸತ್ತರೆ ಚಕ್ಕಡಿ ನಿಂತಿತು. ಚಕ್ಕಡಿ ನಿಂತರೆ ಕಾಳು ಬರಲಿಲ್ಲ. ಬರದ ನಾಡಿಗೆ ರೈಲು ಬೇಕೆಂಬ ವಿಚಾರ ಬಲಗೊಂಡು, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಕಡಲ ತೀರದ ಗೋವಾ ಪೋರ್ಚುಗೀಸರದು. ಬ್ರಿಟಿಷರೊಡನೆ 1878ರಲ್ಲಿ ಆದ ಒಪ್ಪಂದದಂತೆ ಅಲ್ಲಿಯೂ ಹಳಿ ಹಾಸಲಾಯಿತು. 1888ರಲ್ಲಿ ಮಾರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ಮೀಟರ್ ಗೇಜ್ ಮಾರ್ಗ ತೆರೆಯಿತು.

ಧಾರವಾಡ, ಅಳ್ನಾವರ, ಲೋಂಡಾ ದಾಟಿದ ಬಂಡಿ ಕ್ಯಾಸಲ್‌ರಾಕ್‌ನಿಂದ ದೂಧಸಾಗರ ಜಲಪಾತದ ಮುಂದೆ ಹಾಯ್ದು ಕುಳೆಂಗೆ ಇಳಿಯುತ್ತಿತ್ತು. ಮರಳಿ ಏರುವುದೇ ಕಷ್ಟ. ಸುಮಾರು 40 ಮೀಟರ್ ಮುಂದೆ ಸಾಗಿದರೆ 1 ಮೀಟರ್ ಮೇಲೇರಬೇಕು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಸಮತಟ್ಟಿನಲ್ಲಿ ಅದು ಲಾಭ, ಏರಿನಲ್ಲಿ ತೊಡಕು. ಅದಕ್ಕೇ ಇಂಥ ಘಟ್ಟಗಳಲ್ಲಿ ಹಳಿಗೆ ಮರಳು ಉದುರಿಸುತ್ತಾರೆ, ಬಂಡಿಗೆ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ.

ಗೋವಾ ವಿಮೋಚನೆಯ ಹೋರಾಟ ಕಾವೇರಿದ್ದಾಗ, 1955ರಲ್ಲಿ, ಗಡಿಯಾಚೆಗಿನ ಸಂಚಾರ ನಿಂತಿತು. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾದ ಮೇಲೆ ಹಳಿ ಮತ್ತೆ ಬೆಸೆಯಿತು. 1990ರ ದಶಕದಲ್ಲಿ ಮಾರ್ಗ ಬ್ರಾಡ್‌ಗೇಜ್ ಆಯಿತು. ಇಂದು ಈ ಘಟ್ಟದಲ್ಲಿ ಉಗಿ ಎಂಜಿನ್ನಿನ ಸಿಳ್ಳು ಕೇಳಿಸದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಕ್ಯಾಸಲ್‌ರಾಕ್–ಕುಳೆಂ ನಡುವೆ ಎರಡನೆಯ ಹಳಿ ಹಾಸಲು ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ರದ್ದುಪಡಿಸಿತು. ಹಳಿ ಸೀಳಿಕೊಂಡು ಹೋಗುವುದು ಸಹ್ಯಾದ್ರಿಯ ಕಾಡನ್ನು. ಮಲಪ್ರಭೆ ಹುಟ್ಟುವುದೂ ಸಹ್ಯಾದ್ರಿಯಲ್ಲೇ. ಬರದ ನಾಡಿಗೆ ಬಂದರಿನ ದಾರಿಯೂ ಬೇಕು, ಮಳೆ ತರುವ ಮಲೆಯೂ ಬೇಕು. ಎರಡನ್ನೂ ಉಳಿಸಿಕೊಳ್ಳುವ ಲೆಕ್ಕವನ್ನು ನೀವೇ ಬಿಡಿಸಬೇಕಾಗಿದೆ.